ಬೆಟಗೇರಿಯಲ್ಲಿ ಹಾರ್ಡ್ ರಾಕ್ ಹತ್ತಿತು

ಸುಳ್ಳು ಹೇಳುವ ಮುಂಚೆ ನಮ್ಮಣ್ಣ ಗಿಟಾರಿನ ಕಿವಿ ತಿರುವುತ್ತಾನೆ. ತಂತಿ ಸರಿಯಿದ್ದರೂ ತಿರುವುತ್ತಾನೆ. ಬೆಟಗೇರಿಯ ನಮ್ಮ ಹಳೇ ಮಗ್ಗದ ಕೋಣೆಯಲ್ಲಿ ನಾಲ್ಕು ಹುಡುಗರ ಪಂಕ್ ಬ್ಯಾಂಡು ಅವನದು. ಪಂಕ್ ಅಂದರೆ ಒಂದೂವರೆ ನಿಮಿಷದ ಹಾಡು, ಉಸಿರು ಬಿಡದೆ ಒದರುವುದು. ಒದರುವ ಮಾತುಗಳು ಮಾತ್ರ ನನ್ನವು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಕಲಿತರೂ ಮಂದಿ ಮುಂದೆ ನಾನು ಯಾವ ಭಾಷೆಯಲ್ಲೂ ಬಾಯಿ ತೆರೆಯುವವಳಲ್ಲ. ನಳದ ನೀರಿನ ಮೇಲೆ, ಬಸ್‌ಸ್ಟ್ಯಾಂಡಿನ ಮೇಲೆ ನಾನು ಬರೆದ ಸಿಟ್ಟನ್ನು ಅಣ್ಣ ಒದರಿದರೇನೇ ನಾನು ಮಾತಾಡಿದಂತೆ. ಮೊದಲ ಆಲ್ಬಮ್ಮಿನ ತುಂಬ ನನ್ನ ಮಾತೇ. ಎರಡನೆಯದರಲ್ಲಿ ಅವು ಉಳಿಯುತ್ತವೋ ಇಲ್ಲವೋ ಎಂಬ ಸಂಶಯ ಹತ್ತಿದ್ದು ಹೀಗೆ. ಈ ಬ್ಯಾಂಡಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

೧. ನಾಲ್ಕು ಪಂಖಾ

ಲಕ್ಷ್ಮೇಶ್ವರದ ಕಾರ್ಯಕ್ರಮಕ್ಕೆ ಅಣ್ಣ ಪೆಂಡಾಲಿನ ಚಾಚಾಗೆ ಫೋನ್ ಮಾಡಿ, "ಸ್ಟೇಜಿನ ಮ್ಯಾಲ ನಾಲ್ಕ ಮಂದಿ, ಪೂರಾ ಪಂಕ್ ಚಾಚಾ," ಅಂದಿದ್ದ. ಹೋಗಿ ನೋಡಿದರೆ ಸ್ಟೇಜಿನ ನಾಲ್ಕೂ ಮೂಲೆಗೆ ಆಳೆತ್ತರದ ನಾಲ್ಕು ಫ್ಯಾನು!

"ಮಂದಿಗೊಂದ ಪಂಖಾ. ಪೂರಾ ಸ್ಪೀಡ್ ಇಟ್ಟೇನಿ," ಅಂದರು ಚಾಚಾ.

ಮೊದಲ ಹಾಡಿಗೇ ನಾನು ಮಾತು ಬರೆದುಕೊಟ್ಟ ಹಾಳೆಗಳೆಲ್ಲ ಹಾರಿ ಮಂದಿಯ ತಲೆಯ ಮೇಲೆ ಬಿದ್ದವು. ಮಾತು ಮರೆತ ಅಣ್ಣ ಬರೇ ಗಿಟಾರ್ ಬಾರಿಸುತ್ತ ಹೋದ, ಆರು ನಿಮಿಷ. ಶಿಳ್ಳೆಯೋ ಶಿಳ್ಳೆ.

ಕೆಳಗಿಳಿದಾಗ ಚಾಚಾ ಅವನ ಬೆನ್ನು ತಟ್ಟಿದರು: "ಮಾತ ಹಾರಿದ ಮ್ಯಾಲ ಖರೆ ಮಜಾ ಬಂತ ನೋಡ್ ಬೇಟಾ!"

೨. ಕಡೀ ಸ್ಟಾಪು

ಆಮೇಲೆ ಹಾಡುಗಳು ನಿಧಾನವಾದವು, ಭಾರವಾದವು, ಉದ್ದವಾದವು. "ಇನ್ನ ನಾವು ಹಾರ್ಡ್ ರಾಕ್," ಅಂದ ಅಣ್ಣ.

ಅವ್ವನಿಗೂ ಸಂಶಯ. "ಮೊದಲಿನಂಗ ಒದರವಲ್ಲ. ಮೈಯಾಗ ಆರಾಮ ಇಲ್ಲೇನ ಇವಂಗ?" ಎಂದು ದೃಷ್ಟಿ ತೆಗೆದಳು.

ಡ್ರಮ್ಮಿನವ ಕೈ ಸೋತು ಕೇಳಿದ: "ಲೇ, ಹೊಂಬಳದ ಬಸ್ಸಿಗರ ಕಡೀ ಸ್ಟಾಪ್ ಐತಿ. ಈ ಹಾಡ ಎಲ್ಲಿ ನಿಂದರತೈತಿ?"

ನಾನು ಮೆಲ್ಲಗೆ ಕೇಳಿದ್ದು ಒಂದೇ: "ನನ್ನ ಮಾತು?"

"ಒಂದಕ್ಷರ ತಗಿಯೂದಿಲ್ಲ ತಂಗಿ," ಅಂದ ಅಣ್ಣ. ಅಂದು, ಗಿಟಾರಿನ ಆರೂ ಕಿವಿ ತಿರುವಿದ.

೩. ಎಷ್ಟು ಫೂಟು?

ಮುಂಡರಗಿಯಲ್ಲಿ ಪೋಸ್ಟರ್ ಅಂಟಿಸಿದ್ದೆವು: "ಈ ಸಲ ಹಾರ್ಡ್ ರಾಕ್! ಹಿಂದೆಂದಿಗಿಂತ ಆಳಕ್ಕೆ!" ಕೆಳಗೆ ನಮ್ಮ ವಿಳಾಸ. ಎರಡನೇ ಆಲ್ಬಮ್ಮಿನ ರೆಕಾರ್ಡಿಂಗಿನ ಹಿಂದಿನ ದಿನ ಆ ಊರಿನ ಅಜ್ಜಾರೊಬ್ಬರು ಬಂದು ಬಾಗಿಲಲ್ಲಿ ನಿಂತರು. ಅವರ ಹೊಲದಲ್ಲಿ ಬೋರ್ ಕೊರೆಯುವಾಗ ಗಟ್ಟಿ ಕಲ್ಲು ಹತ್ತಿ, ಕೊರೆಯುವವರು ಅರ್ಧಕ್ಕೇ ಬಿಟ್ಟು ಹೋಗಿದ್ದರಂತೆ.

"ಹಾರ್ಡ್ ರಾಕ್ ನಿಮ್ಮದ ಏನ್ರಿ? ಮಶಿನ್ ಎಲ್ಲೈತಿ?"

ಅಭಿಮಾನಿ ಬಂದನೆಂದು ಅಣ್ಣ ಗಿಟಾರ್ ಎತ್ತಿ ತೋರಿಸಿದ. "ಇದ ನೋಡ್ರಿ."

ಅಜ್ಜಾರು ಅದನ್ನು ಮೇಲಿಂದ ಕೆಳಗೆ ಸಂಶಯದಿಂದ ನೋಡಿದರು. "ಎಷ್ಟ ಫೂಟ ಹೋಗತೈತಿ?"

"ಏಳ ನಿಮಿಷ ಹೋಗತೈತ್ರಿ."

"ನೀರು?"

"ಬರತಾವ್ರಿ, ಕಣ್ಣಾಗ," ಅಂದ ಡ್ರಮ್ಮಿನವ.

ಇದು ಬೋರಿನ ಅಂಗಡಿಯಲ್ಲ ಎಂದು ತಿಳಿದ ಮೇಲೂ, ಬಂದದ್ದಾಯಿತೆಂದು ಅಜ್ಜಾರು ಕುಂತು ಹಾಡು ಪೂರ್ತಿ ಕೇಳಿದರು. ಆಮೇಲೆ ಎದ್ದು ಧೋತರ ಜಾಡಿಸಿ ಅಂದರು: "ತಮ್ಮಾ, ಏಳ ನಿಮಿಷ ಕೊರದಿ. ಒಂದ ಮಾತರ ಬಿತ್ತೇನೋ?"

ಡ್ರಮ್ಮಿನವ ನಕ್ಕು ನಕ್ಕು ಸ್ಟೂಲಿನಿಂದ ಬಿದ್ದ. ಅಣ್ಣ ನಗಲಿಲ್ಲ.

ಹೊರಗಿನವರ ಮುಂದೆ ನಾನು ಬಾಯಿ ಬಿಟ್ಟದ್ದು ಅವತ್ತೇ ಮೊದಲು. "ಮಾತ ಅದಾವ್ರಿ ಅಜ್ಜಾರ," ಎಂದು ಹಾಳೆ ತಂದು ಅಣ್ಣನ ಮುಂದೆ ಹಿಡಿದೆ. "ಅಣ್ಣಾ, ನಾಳೆ ಇದರಾಗಿಂದು ನಾಲ್ಕ ಸಾಲರ ಹಾಡೋ."

ಅಜ್ಜಾರು ಮತ್ತೆ ಕುಂತರು. ಅಣ್ಣ ಹಾಳೆ ತೆಗೆದುಕೊಂಡು, "ಹಾಡತೇನಿ ತಂಗಿ," ಅಂದ. ಗಿಟಾರಿನ ಕಿವಿ ಮುಟ್ಟಲಿಲ್ಲ.