ಕೆ ಸಾಲಿನ ಹದಿನೆಂಟು ಸೀಟುಗಳು

ಒಂದು ಎಂಬ ಸಂಖ್ಯೆಯ ಮೇಲೆ ಲೋಕಕ್ಕೆ ಅಷ್ಟು ವಿಶ್ವಾಸವಿಲ್ಲ ಎಂಬುದು ನನ್ನ ಅನುಭವ. ಹೋಟೆಲಿಗೆ ಒಬ್ಬನೇ ಹೋದರೆ ಸಪ್ಲೈಯರು ಕೈತೊಳೆಯುವ ಬೇಸಿನ್ನಿನ ಪಕ್ಕದ ಮೇಜು ತೋರಿಸುತ್ತಾನೆ. ಬಾಡಿಗೆಗೆ ಮನೆ ಹುಡುಕಿದರೆ ಕಟ್ಟಡದ ಬಾಗಿಲಲ್ಲೇ ‘ಫ್ಯಾಮಿಲಿಗೆ ಮಾತ್ರ’ ಎಂಬ ಹಲಗೆ ನೇತಾಡುತ್ತದೆ. ತರಕಾರಿ ಅಂಗಡಿಯಲ್ಲಿ ಒಂದು ಸೌತೆಕಾಯಿ ತೂಕಕ್ಕಿಟ್ಟರೆ ಹಿಂದಿರುವವರೆಲ್ಲ ಅದನ್ನು ನೋಡಿ ಆಮೇಲೆ ನನ್ನನ್ನು ನೋಡುತ್ತಾರೆ. ಇದು ಬರಿಯ ಗೊಣಗಾಟವಲ್ಲ, ನನ್ನ ಬಳಿ ಲೆಕ್ಕವಿದೆ. ಹೈಸ್ಕೂಲಿನಿಂದ ಡೈರಿ ಬರೆಯುವ ಚಟ ನನಗೆ. ಬಹರೈನಿಗೆ ಬಂದ ಎರಡು ವರ್ಷ ನಾಲ್ಕು ತಿಂಗಳಲ್ಲಿ ಬೇಸಿನ್ನಿನ ಪಕ್ಕ ಕುಳಿತದ್ದು ಮೂವತ್ತೊಂದು ಸಲ. ಅದರಲ್ಲಿ ನೀರು ಸಿಡಿದದ್ದು ಹನ್ನೆರಡು.

ನಾನು ಪೂರ್ತಿ ಒಂಟಿ ಎಂದು ಬರೆದರೆ ರಫೀಕ್ ಬೇಸರಿಸಿಕೊಂಡಾನು. ಅವನು ಉಳ್ಳಾಲದವನು, ಸಲ್ಮಾನಿಯಾದಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೇವೆ. ಅವನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ, ನನಗೆ ಬೆಳಗಿನ ಐದರಿಂದ ಆಫೀಸು. ನಾನು ಹೊರಡುವಾಗ ಅವನು ಬಂದಿರುವುದಿಲ್ಲ, ನಾನು ಬರುವಾಗ ಮುಖದ ಮೇಲೆ ದಿಂಬು ಹಾಕಿ ಮಲಗಿರುತ್ತಾನೆ. ನಮ್ಮ ಸ್ನೇಹವೆಲ್ಲ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳಲ್ಲಿ ನಡೆಯುತ್ತದೆ. ‘ಬಂಗುಡೆ ಉಂಟು, ಬಿಸಿ ಮಾಡಿ ತಿನ್ನು’ ಎಂದು ಅವನು ಬರೆಯುತ್ತಾನೆ. ‘ತಿಂದೆ, ಉಪ್ಪು ಜಾಸ್ತಿ’ ಎಂದು ನಾನು ಬರೆಯುತ್ತೇನೆ. ಕಳೆದ ಆರು ತಿಂಗಳಲ್ಲಿ ಇಬ್ಬರೂ ಎಚ್ಚರವಾಗಿದ್ದು ಒಟ್ಟಿಗೆ ಉಂಡದ್ದು ಒಂಬತ್ತು ಸಲ. ಅದರಲ್ಲಿ ಎರಡು ಸಲ ಅವನಿಗೆ ಜ್ವರ ಬಂದಿತ್ತು.

ಇಂಥ ನನ್ನ ಕೈಗೆ ಅಮೆರಿಕದ ಒಂದು ಊರಿನ ಜನ ತಮ್ಮ ಹೊಚ್ಚಹೊಸ ಫುಟ್‌ಬಾಲ್ ಕ್ಲಬ್ಬಿನ ಸೀಟುಗಳನ್ನು ಒಪ್ಪಿಸಿದರು ಎಂದರೆ ನೀವು ನಂಬಲಿಕ್ಕಿಲ್ಲ. ವಿಷಯ ಇಷ್ಟೆ. ಮನಾಮಾದ ನಮ್ಮ ಆಫೀಸು ಬೇರೆ ದೇಶಗಳ ಕಂಪನಿಗಳ ಗ್ರಾಹಕರಿಗೆ ಚಾಟ್‌ನಲ್ಲಿ ಉತ್ತರ ಹೇಳುವ ಆಫೀಸು. ಅಮೆರಿಕದ ಪಶ್ಚಿಮ ತೀರದಲ್ಲಿ ಸಂಜೆಯಾದಾಗ ನಮಗೆ ಬೆಳಗು. ಅಲ್ಲಿಯವರು ಕಚೇರಿ ಮುಚ್ಚಿ ಮನೆಗೆ ಹೋದ ಮೇಲೆ ಬರುವ ಪ್ರಶ್ನೆಗಳೆಲ್ಲ ನಮ್ಮ ಪಾಲಿಗೆ. ಚಾಟ್‌ನಲ್ಲಿ ನನ್ನ ಹೆಸರು ಸ್ಯಾಮ್. ಕಳೆದ ಅಕ್ಟೋಬರಿನಲ್ಲಿ ಈ ಕ್ಲಬ್ಬು ಬಂತು. ಆಗ ಅದಕ್ಕೆ ಹೆಸರಿತ್ತು, ಕೊಕ್ಕರೆಯ ಲಾಂಛನವಿತ್ತು, ಶಾಲು ಇತ್ತು, ಹಾಡು ಕೂಡ ಇತ್ತು. ಆಟಗಾರರ ಪೈಕಿ ಗೋಲ್‌ಕೀಪರ್ ಒಬ್ಬ ಮಾತ್ರ ಗೊತ್ತಾಗಿದ್ದ. ಮೈದಾನಕ್ಕೆ ಹುಲ್ಲು ಹಾಸಿರಲಿಲ್ಲ. ಆದರೆ ಇಡೀ ಋತುವಿನ ಟಿಕೆಟ್ ಮಾರಾಟ ಶುರುವಾಗಿತ್ತು. ಮೊದಲ ತಿಂಗಳು ನನಗೆ ಬಂದ ಪ್ರಶ್ನೆಗಳಲ್ಲಿ ಕಾರು ನಿಲ್ಲಿಸುವ ಬಗ್ಗೆ ನೂರ ನಾಲ್ಕು, ನಾಯಿಯನ್ನು ತರಬಹುದೇ ಎಂದು ಇಪ್ಪತ್ತಾರು, ಆಟದ ಬಗ್ಗೆ ಮೂರು. ಆ ಮೂರರಲ್ಲಿ ಒಂದು, ಆಟ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು.

ತೊಂದರೆ ಹುಟ್ಟಿದ್ದು ಒಂದು ನಿಯಮದಿಂದ. ಅವರ ಟಿಕೆಟ್ ಪುಟದಲ್ಲಿ ಕನಿಷ್ಠ ಎರಡು ಸೀಟುಗಳನ್ನಾದರೂ ಕೊಳ್ಳಬೇಕಿತ್ತು. ಒಂದೇ ಒಂದು ಬೇಕು ಎನ್ನುವವರು ಸಹಾಯಕರನ್ನು ಕೇಳಬೇಕು, ಅಂದರೆ ಸ್ಯಾಮ್‌ನನ್ನು. ನನಗಿದ್ದ ಸೂಚನೆ ಸ್ಪಷ್ಟವಾಗಿತ್ತು. ನಾಲ್ಕು ಸೀಟಿನ ಜಾಗದಲ್ಲಿ ಮೂರು ಜನರ ಸಂಸಾರ ಮೂರನ್ನು ಕೊಂಡರೆ ಒಂದು ಉಳಿಯುತ್ತದಲ್ಲ, ಒಂಟಿಯಾಗಿ ಬಂದವರನ್ನು ಅಂಥ ಸಂದಿಗಳಲ್ಲಿ ತುರುಕಬೇಕು. ಹೀಗೆ ಮಾಡಿದರೆ ಸೀಟುಗಳ ನಕ್ಷೆಯಲ್ಲಿ ತೂತು ಉಳಿಯುವುದಿಲ್ಲ.

ಸಂಸಾರದ ಪಕ್ಕದ ಸಂದಿ ಎಂದರೇನು ಎಂಬುದು ನನಗೆ ಚೆನ್ನಾಗಿ ಗೊತ್ತು. ನಮ್ಮ ಮೇಲ್ವಿಚಾರಕಿ ಐರಿನ್ ಮೇಡಂ ಮೂಡುಬೆಳ್ಳೆಯ ಕಡೆಯವರು, ಬಹಳ ಒಳ್ಳೆಯವರು. ಎರಡು ತಿಂಗಳಿಗೊಮ್ಮೆ ಶುಕ್ರವಾರ, ವಿಮಾನ ನಿಲ್ದಾಣದ ಪಕ್ಕದ ಅರಾದ್‌ನ ತಮ್ಮ ಮನೆಗೆ ಊಟಕ್ಕೆ ಕರೆಯುತ್ತಾರೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಊಟದ ಮೇಜಿಗೆ ನಾಲ್ಕು ಕುರ್ಚಿ. ನಾನು ಹೋದಾಗ ಬಾಲ್ಕನಿಯಿಂದ ಪ್ಲಾಸ್ಟಿಕ್ ಕುರ್ಚಿಯೊಂದು ಬರುತ್ತದೆ. ಅದು ಉಳಿದವಕ್ಕಿಂತ ಗಿಡ್ಡ. ನನ್ನ ಗಲ್ಲ ಸರಿಯಾಗಿ ತಟ್ಟೆಯ ಅಂಚಿಗೆ ಬರುತ್ತದೆ. ಮಕ್ಕಳು ಇಂಗ್ಲಿಷಿನಲ್ಲಿ ಶಾಲೆಯ ಜಗಳ ಹೇಳುತ್ತಾರೆ, ಗಂಡ ಕೊಂಕಣಿಯಲ್ಲಿ ಉತ್ತರಿಸುತ್ತಾರೆ, ಸಾರಿನ ಪಾತ್ರೆ ನನ್ನ ತಲೆಯ ಮೇಲಿಂದ ದಾಟುತ್ತದೆ. ನಾನು ಸಣ್ಣಾ ಎಂಬ ಅವರ ಕಡೆಯ ಇಡ್ಲಿ ತಿನ್ನುತ್ತಾ, ಮೇಲೆ ಹೋಗುವ ವಿಮಾನಗಳನ್ನು ಎಣಿಸುತ್ತೇನೆ. ಅವರ ಪ್ರೀತಿಯಲ್ಲಿ ಏನೂ ಕೊರತೆಯಿಲ್ಲ. ಕುರ್ಚಿ ಮಾತ್ರ ಗಿಡ್ಡ.

ನವೆಂಬರ್ ಹನ್ನೊಂದರಂದು ಡೋರಿಸ್ ಎಂಬಾಕೆ ಚಾಟ್‌ಗೆ ಬಂದಳು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಆ ಊರಿಗೆ ಬಂದು ವರ್ಷವಾಗಿತ್ತು. ಒಂದು ಸೀಟು ಬೇಕು ಎಂದಳು. ನಾನು ಸೂಚನೆಯಂತೆ ಒಂದು ಸಂಸಾರದ ಪಕ್ಕದ ಜಾಗ ತೋರಿಸಿದೆ. ಆಮೇಲೆ ಬರೆದಳು: “ಸ್ಯಾಮ್, ಈ ಊರಿನ ಚರ್ಚಿನಲ್ಲಿ, ಕಾಫಿ ಅಂಗಡಿಯಲ್ಲಿ, ಎಲ್ಲ ಕುರ್ಚಿಗೂ ಆಗಲೇ ಒಬ್ಬರು ಇದ್ದಾರೆ. ಈ ಕ್ಲಬ್ಬಿನಲ್ಲಿ ಮಾತ್ರ ಯಾರೂ ಹಳಬರಿಲ್ಲ ಅಂತ ಬಂದೆ. ಫುಟ್‌ಬಾಲ್ ನನಗೆ ಏನೂ ಗೊತ್ತಿಲ್ಲ. ಇಲ್ಲಿಯೂ ಇನ್ನೊಬ್ಬರ ಪಾಪ್‌ಕಾರ್ನ್ ದಾಟಿಸಿಕೊಂಡು ಕೂರಬೇಕಾ?”

ನಾನು ಆ ಸಾಲುಗಳನ್ನು ನಾಲ್ಕು ಸಲ ಓದಿದೆ. ಆಮೇಲೆ ಜೀವನದಲ್ಲಿ ಮೊದಲ ಬಾರಿಗೆ ಸೂಚನೆ ಮೀರಿದೆ. ಮೈದಾನದ ಪೂರ್ವ ಬದಿಯಲ್ಲಿ ಕೆ ಎಂಬ ಸಾಲು ಪೂರ್ತಿ ಖಾಲಿಯಿತ್ತು. ಅದರಲ್ಲಿ ಹತ್ತನೇ ಸೀಟು ಡೋರಿಸ್‌ಗೆ ಕೊಟ್ಟೆ. ಎರಡು ದಿನದ ಮೇಲೆ ಒಬ್ಬ ಗಡಿಯಾರ ರಿಪೇರಿಯವನು ಒಂದೇ ಸೀಟು ಕೇಳಿದ, ಅವನಿಗೆ ಒಂಬತ್ತನೆಯದು. ಆಮೇಲೆ ಒಬ್ಬ ದಂತವೈದ್ಯೆ, ಒಬ್ಬ ಲಾರಿಯವನು, ಗಣಿತದ ಮೇಷ್ಟರು. ಜನವರಿ ಮುಗಿಯುವ ಹೊತ್ತಿಗೆ ಕೆ ಸಾಲಿನ ಹದಿನೆಂಟು ಸೀಟಿನಲ್ಲಿ ಹದಿನೆಂಟು ಒಂಟಿ ಜನ. ನಕ್ಷೆಯಲ್ಲಿ ಆ ಸಾಲು ಒಂದೂ ಹಲ್ಲು ಬೀಳದ ದವಡೆಯ ಹಾಗೆ ಕಾಣುತ್ತಿತ್ತು. ಅಷ್ಟೇ ಸಂಖ್ಯೆಯ ತೂತುಗಳು ಬೇರೆ ಸಾಲುಗಳಲ್ಲಿ, ಸಂಸಾರಗಳ ಪಕ್ಕ, ಬಿಳಿಯಾಗಿ ಹೊಳೆಯುತ್ತಿದ್ದವು. ಅವು ಹೊಳೆಯುತ್ತಿವೆ ಎಂಬುದು ನನಗೆ ಹೊಳೆದದ್ದು ಫೆಬ್ರವರಿ ಮೂರರಂದು, ಐರಿನ್ ಮೇಡಂ ಕರೆದಾಗ.

“ಸುಧಾಕರಾ, ಈ ಬಿಳಿ ಬಿಳಿ ಚುಕ್ಕಿ ಎಂತದು?”

“ಖಾಲಿ ಸೀಟು ಮೇಡಂ.”

“ಅದು ನನಗೂ ಕಾಣ್ತದೆ. ಒಂಟಿಯವರನ್ನು ಅಲ್ಲಿ ಕೂರಿಸ್ಲಿಕ್ಕೆ ಹೇಳಿದ್ದಲ್ವಾ? ಅವರೆಲ್ಲ ಎಲ್ಲಿ ಹೋದ್ರು?”

ನಾನು ಕೆ ಸಾಲು ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಹೆಸರುಗಳನ್ನು ಒಂದೊಂದಾಗಿ ಓದಿದರು.

“ಇದೆಂತ ಮಾರಾಯಾ, ಫುಟ್‌ಬಾಲಾ ಅಥವಾ ಮದುವೆ ದಲ್ಲಾಳಿ ಆಫೀಸಾ?”

ನಾನು ಏನೋ ಹೇಳಲು ಹೊರಟು ಪಾಪ್‌ಕಾರ್ನ್ ವಿಷಯ ಹೇಳಿದೆ. ಪ್ಲಾಸ್ಟಿಕ್ ಕುರ್ಚಿಯ ವಿಷಯ ಹೇಳಲಿಲ್ಲ. ಅವರು ಕನ್ನಡಕವನ್ನು ಮತ್ತೆ ಮೂಗಿಗಿಳಿಸಿದರು. ಕೊನೆಗೆ, ಮೊದಲ ಮ್ಯಾಚ್ ಆಗುವ ತನಕ ಅಮೆರಿಕದವರಿಗೆ ತಾನಾಗಿ ಹೇಳುವುದಿಲ್ಲ, ಆದರೆ ಆ ಸಾಲಿನಿಂದ ಒಂದೇ ಒಂದು ದೂರು ಬಂದರೂ ಹದಿನೆಂಟು ಜನರನ್ನೂ ಹದಿನೆಂಟು ಕಡೆ ಹಂಚಿಬಿಡುತ್ತೇನೆ ಎಂದರು. “ಮತ್ತೆ ಡೈರಿ ಹಿಡ್ಕೊಂಡು ಅಳ್ಬಾರ್ದು” ಎಂದೂ ಸೇರಿಸಿದರು.

ಮ್ಯಾಚ್ ನಡೆದದ್ದು ಮಾರ್ಚಿನ ಒಂದು ಭಾನುವಾರ, ನಮ್ಮ ಬೆಳಗಿನ ಐದೂವರೆಗೆ. ಅಷ್ಟು ದಿನದಲ್ಲಿ ನಾನು ಊಟ ಸರಿಯಾಗಿ ಮಾಡಿರಲಿಲ್ಲ. ಫ್ರಿಜ್ಜಿನ ಬಾಗಿಲಲ್ಲಿ ರಫೀಕ್ ‘ನಿನಗೆ ಎಂತ ಆಗಿದೆ?’ ಎಂದು ಚೀಟಿ ಅಂಟಿಸಿದ್ದ. ‘ಕೆ ಸಾಲು’ ಎಂದು ಉತ್ತರ ಬರೆದಿದ್ದೆ. ಅವನು ಅದನ್ನು ರಕ್ತ ಪರೀಕ್ಷೆಯ ಹೆಸರೆಂದುಕೊಂಡನಂತೆ. ಆಫೀಸಿನ ಪರದೆಯಲ್ಲಿ ಆಟ ಬರುತ್ತಿತ್ತು. ನಾನು ಚೆಂಡು ನೋಡಲಿಲ್ಲ, ಜನರನ್ನು ನೋಡಿದೆ. ತೊಂಬತ್ತು ನಿಮಿಷದಲ್ಲಿ ಪೂರ್ವ ಬದಿಯ ಆ ಸಾಲು ಕಂಡದ್ದು ಒಟ್ಟು ಹನ್ನೊಂದು ಸೆಕೆಂಡು. ಹದಿನೆಂಟು ಜನರೂ ಬಂದಿದ್ದರು. ಹದಿನೆಂಟು ಜನರೂ ಕೈಕಟ್ಟಿಕೊಂಡು ನೇರ ಮುಂದೆ ನೋಡುತ್ತಿದ್ದರು, ದಂತವೈದ್ಯರ ಕೋಣೆಯ ಹೊರಗೆ ಕಾಯುವವರ ಹಾಗೆ. ಅವರ ನಡುವೆ ಸ್ವತಃ ದಂತವೈದ್ಯೆಯೂ ಹಾಗೆಯೇ ಕುಳಿತಿದ್ದಳು. ಬೇರೆ ಬೇರೆ ಕಡೆ ಒಂಟಿಯಾಗಿ ಇರಬಹುದಾಗಿದ್ದವರನ್ನು ಒಂದೇ ಕಡೆ ಒಂಟಿ ಮಾಡಿ ಕೂರಿಸಿದ್ದೆ.

ಆಟ ಮುಗಿದು ಅರ್ಧ ಗಂಟೆಗೆ ಚಾಟ್ ಗಂಟೆ ಹೊಡೆಯಿತು. ಕೆ ಸಾಲು, ಒಂಬತ್ತನೇ ಸೀಟು, ಗಡಿಯಾರ ರಿಪೇರಿಯವನು. ವಿಷಯ: ದೂರು. ನನ್ನ ಹಿಂದೆ ಐರಿನ್ ಮೇಡಂ ಚಹಾ ಲೋಟ ಹಿಡಿದು ಬಂದು ನಿಂತಿದ್ದರು, ಮುಚ್ಚಿಡುವ ಹಾಗಿರಲಿಲ್ಲ. ಪಕ್ಕದ ಹತ್ತನೇ ಸೀಟಿನ ಹೆಂಗಸು ದ್ವಿತೀಯಾರ್ಧದುದ್ದಕ್ಕೂ ಆಫ್‌ಸೈಡ್ ನಿಯಮವನ್ನು ತನಗೆ ವಿವರಿಸಿದಳು, ಪೂರ್ತಿ ತಪ್ಪಾಗಿ ವಿವರಿಸಿದಳು, ಹನ್ನೊಂದನೇ ಸೀಟಿನವನು ಅವಳ ಪರವಾಗಿ ವಾದಿಸಿದ, ಎಂದು ಅವನು ಬರೆದಿದ್ದ. ನಾನು, ನಿಮಗೆ ಬೇರೆ ಸೀಟು ಕೊಡಲೇ ಎಂದು ಕೇಳಿದೆ.

“ಸೀಟು ಯಾಕೆ? ಆ ನಿಯಮ ಕಳಿಸಿ. ಮುಂದಿನ ಶನಿವಾರ ಅವಳಿಗೆ ಓದಿ ಹೇಳಬೇಕು.”

ನಾನು ತಿರುಗಿ ನೋಡಿದೆ. ಐರಿನ್ ಮೇಡಂ ಚಹಾ ಕುಡಿಯುತ್ತಾ, “ಇದು ದೂರಲ್ಲ. ನಮ್ಮ ಮನೆಯಲ್ಲೂ ದಿನಾ ಉಂಟು ಇದು. ನಿಯಮ ಕಳ್ಸು” ಎಂದು ಹೇಳಿ ಹೋದರು. ಡೈರಿಯಲ್ಲಿ ದೂರುಗಳ ಅಂಕಣದಲ್ಲಿ ಸೊನ್ನೆ ಬರೆದೆ. ಅಷ್ಟು ದುಂಡಗಿನ ಸೊನ್ನೆಯನ್ನು ನಾನು ಮೊದಲು ಬರೆದದ್ದಿಲ್ಲ.

ಆಮೇಲಿನ ವಾರಗಳಲ್ಲಿ ಡೋರಿಸ್ ಪ್ರತಿ ಭಾನುವಾರ ಬೆಳಿಗ್ಗೆ ಚಾಟ್‌ಗೆ ಬರುತ್ತಿದ್ದಳು. ಮೊದಮೊದಲು ಏನಾದರೂ ಒಂದು ಪ್ರಶ್ನೆಯ ನೆಪವಿರುತ್ತಿತ್ತು. ಆಮೇಲೆ ನೆಪವೂ ಬಿಟ್ಟಿತು. ಲಾರಿಯವನು ಎಲ್ಲರಿಗೂ ಕಂಬಳಿ ತಂದದ್ದು, ಗೋಲು ಬಿದ್ದಾಗ ಮೇಷ್ಟರು ಅತ್ತದ್ದು, ಕ್ಲಬ್ಬು ಐದರಲ್ಲಿ ನಾಲ್ಕು ಸೋತದ್ದು ಎಲ್ಲ ಹೇಳುತ್ತಿದ್ದಳು. ಅವಳ ಚಾಟ್‌ಗಳು ಒಟ್ಟು ಹದಿಮೂರು. ನಾನು ಭಾನುವಾರಗಳಿಗೆ ಅಂಗಿ ಇಸ್ತ್ರಿ ಮಾಡಿಸಿಕೊಳ್ಳುತ್ತಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ, ಚಾಟ್‌ನಲ್ಲಿ ಅಂಗಿ ಕಾಣುವುದಿಲ್ಲ ಎಂದು ಗೊತ್ತಿದ್ದೂ. ಹದಿಮೂರನೆಯದರಲ್ಲಿ ಅವಳು, ಮುಂದಿನ ಋತುವಿಗೆ ನಾವು ಹದಿನೆಂಟು ಜನ ಒಂದು ಗುಂಪಾಗಿ ಸೀಟು ತೆಗೆದುಕೊಳ್ಳಬಹುದೇ ಎಂದು ಕೇಳಿದಳು. ಬಹುದು ಎಂದೆ. ಹತ್ತಕ್ಕಿಂತ ಹೆಚ್ಚು ಜನರ ಗುಂಪುಗಳನ್ನು ಅಮೆರಿಕದ ಕಚೇರಿಯೇ ಹಗಲಿನಲ್ಲಿ ನೋಡಿಕೊಳ್ಳುತ್ತದೆ. ಅವು ನಮ್ಮ ಚಾಟ್‌ಗೆ ಬರುವುದಿಲ್ಲ. ಅರ್ಜಿಯನ್ನು ನಾನೇ ತುಂಬಿ ಅತ್ತ ಕಳಿಸಿದೆ. ಕೊನೆಯಲ್ಲಿ ನಿಯಮದಂತೆ, ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳಿದೆ.

“ಬೇಡ ಸ್ಯಾಮ್. ಈಗ ಎಲ್ಲರೂ ಇದ್ದಾರೆ” ಎಂದಳು. ಐದು ನಕ್ಷತ್ರ ಕೊಟ್ಟು ಹೋದಳು.

ಆ ತಿಂಗಳು ಆಫೀಸಿನಲ್ಲಿ ಅತಿ ಹೆಚ್ಚು ನಕ್ಷತ್ರ ನನ್ನದೇ. ಬಹುಮಾನವಾಗಿ ಎರಡು ಸಿನಿಮಾ ಟಿಕೆಟ್ ಸಿಕ್ಕಿತು. ರಫೀಕ್‌ನನ್ನು ಕರೆಯಲು ಚೀಟಿ ಅಂಟಿಸಿದೆ; ಅವನಿಗೆ ಅಂದು ಹಗಲೂ ಡ್ಯೂಟಿ. ಶುಕ್ರವಾರ ಮಧ್ಯಾಹ್ನ ಒಬ್ಬನೇ ಹೋದೆ. ಅಪರೂಪಕ್ಕೆ ಬರುವ ಕನ್ನಡ ಸಿನಿಮಾ, ಜನ ತುಂಬಿದ್ದರು. ಒಂದು ಸೀಟಿನಲ್ಲಿ ನಾನು, ಇನ್ನೊಂದರಲ್ಲಿ ನನ್ನ ಚೀಲ. ಸಿನಿಮಾ ಶುರುವಾಗುವ ಹೊತ್ತಿಗೆ ನನ್ನದೇ ವಯಸ್ಸಿನ ಒಬ್ಬ ಒಂದು ಪೊಟ್ಟಣ ಪಾಪ್‌ಕಾರ್ನ್ ಹಿಡಿದು ಬಂದು ಬಾಗಿದ. ಅವನ ಸೀಟಿನ ಮೇಲೆ ಎ.ಸಿ.ಯ ನೀರು ತೊಟ್ಟಿಕ್ಕುತ್ತಿತ್ತಂತೆ. “ಅಣ್ಣಾ, ಇಲ್ಲಿ ಯಾರಾದ್ರೂ ಉಂಟಾ?” ಎಂದು ಕೇಳಿದ.

“ಉಂಟು, ಬರ್ತಾ ಇದ್ದಾರೆ” ಎಂದೆ.

ಯಾಕೆ ಹಾಗೆಂದೆನೋ ಇಂದಿಗೂ ಗೊತ್ತಿಲ್ಲ. ಅವನು ಹೋಗಿ ಆ ತೊಟ್ಟಿಕ್ಕುವ ಸೀಟಿನಲ್ಲೇ ಕುಳಿತ. ಮಧ್ಯಂತರದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ನನ್ನ ಚೀಲದ ಕಡೆ ನೋಡಿದ. ಅಂದಿನ ಡೈರಿಯಲ್ಲಿ ಕತೆಯ ಬಗ್ಗೆ ಏನೂ ಇಲ್ಲ. ಸೀಟು ಎರಡು, ಜನ ಒಂದು, ಸುಳ್ಳು ಒಂದು ಎಂದಷ್ಟೇ ಇದೆ.