ಹೋಯಾನಿಗೆ ಹೊರಟ ಗಿರಾಕಿ

"ಎರಡು ಪ್ಲೇಟ್ ನೀರುದೋಸೆ, ಒಂದು ಚಾ... ಒಟ್ಟು ಹದಿನೆಂಟು ಸಾವಿರ!"

ಕುಂದಾಪುರದ ಹೋಟೆಲೊಂದರ ಗಲ್ಲಾದಲ್ಲಿ ಕೂತು ನಾನು ಹೀಗೆ ಘೋಷಿಸಿದಾಗ, ಎದುರು ನಿಂತಿದ್ದ ಮೀನುಗಾರ ಸೂರ ಕಿಸೆಗೆ ಹಾಕಿದ ಕೈಯನ್ನು ಅಲ್ಲೇ ಬಿಟ್ಟ.

"ಎಂತ ಮಾರಾಯ್ರೆ, ನಾನ್ ದ್ವಾಸಿ ತಿಂದದ್ದಾ, ಬೋಟ್ ತಕಂಡದ್ದಾ?"

ತಪ್ಪು ನನ್ನದಲ್ಲ, ನನ್ನ ಮಹಾಪ್ರತಿಜ್ಞೆಯದು. ಜೀವಮಾನದಲ್ಲಿ ಒಮ್ಮೆಯಾದರೂ ಗಿರಾಕಿಯಾಗಿ ಕೂತು, ದುಡ್ಡು ಕೊಟ್ಟು, ಬಿಲ್ಲು ಪಡೆದು ಉಂಡೇ ತೀರುವೆ!

ನಗಬೇಡಿ. ನನ್ನ ಹೆಂಡತಿ ಸುಗುಣಳ ತವರಿನವರಿಗೆ ಬೈಂದೂರಿನಿಂದ ಮುಂಬೈವರೆಗೆ ಹೋಟೆಲುಗಳು. ಯಾರೂ ನನ್ನಿಂದ ಒಂದು ಪೈಸೆ ಮುಟ್ಟುವುದಿಲ್ಲ. "ಭಾವನ್ ಹತ್ರ ದುಡ್ಡಾ? ಛೆ ಛೆ!" ಎನ್ನುತ್ತಾರೆ. ಮರುಕ್ಷಣವೇ, "ಹ್ವಾಯ್ ಭಾವ, ಒಂಚೂರ್ ಗಲ್ಲಾದಗೆ ಕೂಕಣಿ, ನಾನ್ ಉಂಡ್ಕಂಡ್ ಬತ್ತೆ!" ಮದುವೆಯ ಹೊಸದರಲ್ಲಿ ಮುಂಬೈಗೆ ಹೋದಾಗ ಸುಗುಣ ಸಮುದ್ರ ನೋಡಿದಳು, ನಾನು ಚಿಲ್ಲರೆ ನೋಡಿದೆ.

ಆದ್ದರಿಂದ ಭೂಪಟ ಹರಡಿ, ನಮ್ಮವರ ಹೋಟೆಲಿನ ಹೊಗೆ ತಾಗದ ಊರೊಂದನ್ನು ಹುಡುಕಿದೆ. ಸಿಕ್ಕಿತು! ವಿಯೆಟ್ನಾಮಿನ ಹೋಯಾನ್! ಹೊಳೆ, ದೋಣಿ, ಬಣ್ಣಬಣ್ಣದ ಗೂಡುದೀಪ! ಹೆಸರೇ "ಹ್ವಾಯ್" ಎಂದು ನಮ್ಮ ಭಾಷೆಯಲ್ಲಿ ಕರೆದಂತಿತ್ತು.

"ದಿನಕ್ಕೆ ಇಬ್ಬರಿಗೆ ಹದಿನೈದು ಲಕ್ಷ! ಅದಕ್ಕಿಂತ ಒಂದು ಕಾಸೂ ಹೆಚ್ಚಿಲ್ಲ!" ಎಂದು ಸುಗುಣಳ ಎದುರು ಬಜೆಟ್ ಮಂಡಿಸಿದೆ.

"ಅಷ್ಟ್ ದುಡ್ಡಗೆ ಹೆಮ್ಮಾಡಿಯಗೆ ಜಾಗ ತಕಂಬ್ಕಾಗ್ದಾ?"

"ಡಾಂಗ್ ಮಾರಾಯ್ತಿ, ಡಾಂಗ್! ಅಲ್ಲಿನ ಮುನ್ನೂರು ನಮ್ಮ ಒಂದು ರೂಪಾಯಿ ಹತ್ರ. ರೂಮಿಗೆ ಆರು ಲಕ್ಷ, ಊಟಕ್ಕೆ ನಾಲ್ಕೂವರೆ, ದೋಣಿ-ಸೈಕಲ್ಲಿಗೆ ಮೂರು. ಉಳಿದ ಒಂದೂವರೆ ಟಿಪ್ಸ್!"

"ಟಿಪ್ಸಾ? ಇಲ್ಲ್ ಸಾಲಿಗ್ರಾಮಕ್ಕೆ ರಿಕ್ಷಾ ಮಾಡುಕೆ ಅರ್ಧ ಗಂಟಿ ಚರ್ಚಿ ಮಾಡ್ತ್ರಿ!"

"ಗಿರಾಕಿ ಅಂದ ಮೇಲೆ ಒಂದು ಗತ್ತು ಬೇಡವಾ?"

ಅಂದಿನಿಂದ ಅಭ್ಯಾಸ ಶುರು. ಬಂಗುಡೆಯಿಂದ ಹಿಡಿದು ಬ್ರಹ್ಮಾವರದ ಬಸ್ ಟಿಕೆಟ್ಟಿನವರೆಗೆ ಎಲ್ಲವನ್ನೂ ಮನಸ್ಸಿನಲ್ಲೇ ಡಾಂಗಿಗೆ ತಿರುಗಿಸಿದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಬೆತ್ತ ಹಿಡಿದು ಕಲಿಸಿದ ಮಗ್ಗಿ ಕೊನೆಗೂ ವಿದೇಶಕ್ಕೆ ಹೊರಟಿತ್ತು! ಈ ಹುರುಪಿನಲ್ಲೇ ಸುಗುಣಳ ಚಿಕ್ಕಪ್ಪನ ಮಗ ನಾಗನ ಹೋಟೆಲಿಗೆ ಚಾ ಕುಡಿಯಲು ಹೋದೆವು. ಎಂದಿನಂತೆ ಗಲ್ಲಾಕ್ಕೆ ಬಿದ್ದೆ. ಸೂರನ ಅರುವತ್ತು ರೂಪಾಯಿಯ ಬಿಲ್ಲು ಬಾಯಿಂದ ಡಾಂಗಿನಲ್ಲಿ ಉದುರಿತು.

ಗಲಾಟೆ ಕೇಳಿ ನಾಗ ಉಣ್ಣುತ್ತಿದ್ದ ಕೈಯಲ್ಲೇ ಓಡಿ ಬಂದ. ಸುಗುಣ ಸೆರಗು ಬಾಯಿಗೊತ್ತಿಕೊಂಡು ನಗುತ್ತಲೇ ಹೋಯಾನಿನ ಕತೆ ಪೂರ್ತಿ ಒದರಿಬಿಟ್ಟಳು. ನಾಗನ ಮುಖ ಗೂಡುದೀಪದಂತೆ ಬೆಳಗಿತು.

"ಹೋಯಾನಾ? ಹ್ವಾಯ್ ಭಾವ, ನಮ್ ಯತೀಶ ಬ್ಯಾಂಕಾಕ್ ಬಿಟ್ಟ್ ಹೋದ್ ತಿಂಗ್ಳ್ ಅಲ್ಲೇ ಹೋಟ್ಲ್ ಹಾಕ್ದ!"

ಯತೀಶ ಎಂದರೆ ನಾಗನ ತಮ್ಮ. ನಾಗ ಎಡಗೈಯಲ್ಲೇ ವೀಡಿಯೊ ಕಾಲ್ ಮಾಡಿ ವಿಷಯ ಹೇಳಿಯೂ ಆಯಿತು. ಪರದೆಯಲ್ಲಿ ಯತೀಶ, ಅವನ ಹಿಂದೆ ನನ್ನ ಕನಸಿನ ಗೂಡುದೀಪಗಳ ಸಾಲು!

ಆದರೂ ಎದೆಗುಂದಲಿಲ್ಲ. ಗಿರಾಕಿಯ ಗತ್ತಿನಲ್ಲೇ ಕೇಳಿದೆ: "ಯತೀಶ, ನಾವು ಬರುವುದು ದುಡ್ಡು ಕೊಟ್ಟು ಉಣ್ಣಲಿಕ್ಕೆ. ನೆಂಟಸ್ತಿಕೆ ಬದಿಗಿಟ್ಟು ಹೇಳು, ದಿನಕ್ಕೆ ಎಷ್ಟು ಖರ್ಚು ಬೀಳ್ತದೆ?"

"ಖರ್ಚಾ? ಎಂತ ಖರ್ಚ್ ಭಾವ! ಸುಗುಣಕ್ಕಂಗೆ ಊರ್ ಕಾಂಬುಕೆ ಸೈಕಲ್ ಇತ್ತ್. ನಮ್ ಕ್ಯಾಶಿಯರ್ ರಜಿ ಕೇಂತಿದ್ದ, ನೀವ್ ಬಪ್ಪ ಹೊತ್ತಿಗೇ ಅವ್ನಿಗೆ ರಜಿ ಕೊಟ್ರ್ ಆಯ್ತ್. ಹೆದ್ರ್‌ಬೇಡಿ, ಹದಿನೆಂಟ್ ಸಾವ್ರ ಅಂದ್ರೆ ಇಲ್ಲ್ ಯಾರೂ ನೆಗಾಡುದಿಲ್ಲ!"