ದಮ್ಮಯ್ಯ ಅನ್ನುವುದಕ್ಕೂ ದಮ್ಮು ಬೇಕು

ಇದು ನಡೆದದ್ದು ಶನಿವಾರ ಎಂದು ನನ್ನ ನೆನಪು. ಮಂಗಳವಾರ ಎನ್ನುತ್ತಾರೆ ಚಿಕ್ಕಪ್ಪ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ನನಗೆ ಅವಮಾನವಾದ ಕಡೆಯಲ್ಲೆಲ್ಲ ಅದು ನೋಡಿದವರ ಸಂಖ್ಯೆಯನ್ನು ಸಾಕಷ್ಟು ಇಳಿಸಿ ಇಟ್ಟುಕೊಂಡಿದೆ. ಮಿಕ್ಕ ವಿವರಗಳಲ್ಲಿ ಏನೇ ಹೆಚ್ಚುಕಡಿಮೆಯಾಗಿರಲಿ, ಎಮ್ಮೆ ಹೋದದ್ದು ಮಾತ್ರ ನಿಜ. ಅದಕ್ಕೆ ಊರೇ ಸಾಕ್ಷಿ!

ಐವತ್ತರ ದಶಕದ ಕೊನೆ. ನಾನು ಬಿ.ಎ. ಮುಗಿಸಿಕೊಂಡು ಬಾಗೂರಿನ ಪಕ್ಕದ ನಮ್ಮ ಹಳ್ಳಿಗೆ ಬಂದಿದ್ದೆ. ಊರಿಗೆಲ್ಲ ನಾನೊಬ್ಬಳೇ ಬಿ.ಎ. ಆದ್ದರಿಂದ ಪುಟ್ಟಮ್ಮ ಎಂಬ ನನ್ನ ಹೆಸರು ‘ಬಿಯ್ಯೆ ಪುಟ್ಟಿ’ ಎಂದಾಗಿತ್ತು. ಮೈಸೂರಿಗೆ ಹೋಗಿ ಎಂ.ಎ. ಓದಬೇಕೆಂಬುದು ನನ್ನ ಆಸೆ. ಸೇರುವ ಗಡುವು ಹತ್ತಿರವಾಗುತ್ತಿತ್ತು. ಅಪ್ಪ ಒಪ್ಪುತ್ತಿರಲಿಲ್ಲ.

“ಬಿಯ್ಯೆಗೇ ಗಂಡು ಸಿಕ್ತಾ ಇಲ್ಲ. ಇನ್ನು ಎಂ.ಎ.ಗೆ ಎಲ್ಲಿಂದ ತರ್ಲವ್ವ?” ಎನ್ನುತ್ತಿದ್ದರು.

ನಾನು ಮುಖ ಊದಿಸಿಕೊಂಡು ಕೂತದ್ದನ್ನು ನೋಡಿ ಅಜ್ಜಿ ಕೇಳಿದರು, “ಹನುಮಪ್ಪನ್ನ ಕೇಳ್ಕಂಡ್ಯಾ?”

“ಕೇಳಿದೆ.”

“ಎಷ್ಟ್ ಸಲ?”

“ಒಂದು ಸಲ.”

“ಒಂದ್ಸಲ ಕೇಳಿ ಎದ್ದು ಬರಕ್ಕೆ ಅದೇನ್ ಪೋಸ್ಟಾಪೀಸಾ? ಪಟ್ಟು ಬಿಡ್ದೆ ಒಂದೇ ದಮ್ಗೆ ಕೇಳ್ಬೇಕು ಕಣವ್ವ. ದಮ್ಮಯ್ಯ ಅನ್ನಕ್ಕೂ ದಮ್ಮು ಬೇಕು!”

ನಾನು ತತ್ತ್ವಶಾಸ್ತ್ರ ಓದಿದವಳು. ಅಜ್ಜಿಯ ಮಾತನ್ನು ಸುಮ್ಮನೆ ಬಿಡಲಾದೀತೆ? ವಿಚಾರ ಮಾಡಿದೆ. ಹನುಮಪ್ಪ ವಾಯುಪುತ್ರ. ಉಸಿರೆಂದರೆ ವಾಯು. ಎಂದಮೇಲೆ, ನಡುವೆ ಒಮ್ಮೆಯೂ ಉಸಿರು ತೆಗೆದುಕೊಳ್ಳದೆ, ಅವನ ಹೆಸರನ್ನು ಹೇಳುತ್ತ ಗುಡಿಗೊಂದು ಪ್ರದಕ್ಷಿಣೆ ಹಾಕಿದರೆ ಅವನಿಗೆ ಇಲ್ಲವೆನ್ನಲು ದಾರಿಯೇ ಇಲ್ಲ! ತರ್ಕದಲ್ಲಿ ದೋಷವಿರಲಿಲ್ಲ. ದಮ್ಮು ಮಾತ್ರ ಇರಲಿಲ್ಲ.

ದಮ್ಮಿಗೆ ಚಿಕ್ಕಪ್ಪನಿದ್ದರು. ಈಗ ಪೇಟೆಯವರು ಕಬಡ್ಡಿ ಎನ್ನುವ ಆಟಕ್ಕೆ ನಮ್ಮಲ್ಲಿ ಚಡುಗುಡು ಎನ್ನುತ್ತಿದ್ದರು. ಅದನ್ನು ಆಡುತ್ತ ಚಿಕ್ಕಪ್ಪ ಅರಕಲಗೂಡಿನವರೆಗೂ ಹೆಸರು ಮಾಡಿದ್ದರು. ಮುಂದಿನ ಎರಡು ಹಲ್ಲನ್ನು ಹೊಳೆನರಸೀಪುರದಲ್ಲಿ ಬಿಟ್ಟು ಬಂದಿದ್ದರು. ವಿಷಯ ಕೇಳಿ ಅವರಿಗೆ ಪರಮಾನಂದವಾಯಿತು. ಹಿತ್ತಲಲ್ಲಿ ಬೂದಿಯಿಂದ ಗೆರೆ ಎಳೆದರು.

“ದಮ್ಮು ಗಂಟ್ಲಿಂದ ಅಲ್ಲ ಮಗಾ, ಒಟ್ಟೆಯಿಂದ ಬರ್ಬೇಕು. ಗೆರೆ ದಾಟಿದ್ ಮ್ಯಾಲೆ ಎದ್ರುಬ್ಯಾಡ. ಯಾವನಾರಾ ಕೈ ಚಾಚ್ಕಂಡ್ ಅಡ್ಡ ಬಂದ್ನಾ, ಮುಟ್ಟು, ತಿರುಗ್ಕಂಡು ಗೆರೆಗೆ ಬಾ!”

“ಗುಡಿಯಲ್ಲಿ ಯಾರು ಚಿಕ್ಕಪ್ಪ ಅಡ್ಡ ಬರ್ತಾರೆ?”

“ಕಲ್ತಿರು. ವಿದ್ಯೆ ಅಲ್ವಾ?”

ಸೀರೆಯ ಸೆರಗು ಬಿಗಿದು ಶುರುಮಾಡಿದೆ. ‘ಹನುಮಪ್ಪ’ ಎಂಬುದನ್ನು ಓಡುತ್ತ ಹೇಳಿದರೆ ‘ನುಮಪ ನುಮಪ’ ಎಂದಾಗುತ್ತದೆ. ಭಕ್ತಿಯಲ್ಲಿ ಕಾಗುಣಿತ ನೋಡಬಾರದೆಂದು ಸಮಾಧಾನ ಮಾಡಿಕೊಂಡೆ. ಮೊದಮೊದಲು ಬಾವಿಕಟ್ಟೆಯವರೆಗೂ ದಮ್ಮು ನಿಲ್ಲುತ್ತಿರಲಿಲ್ಲ. ಬರಬರುತ್ತ ಬಾವಿ ಸುತ್ತಿ, ನುಗ್ಗೆಮರ ಸುತ್ತಿ ಬರುವಂತಾದೆ. ಹಾಗೆ ಬರುತ್ತಿದ್ದಾಗಲೇ ಬೇಲಿಯ ಆಚೆಯಿಂದ ನೆರೆಮನೆಯ ಸಿದ್ದಮ್ಮ ಇಣುಕಿದಳು.

ದಮ್ಮು ಕಟ್ಟಿ ಕೆಂಪಾದ ನನ್ನ ಮುಖ, ಮೆಳ್ಳೆಗಣ್ಣು, ಬಾಯಲ್ಲಿ ‘ನುಮಪ ನುಮಪ’. ಸಿದ್ದಮ್ಮ ಕೈಮುಗಿದಳು.

“ಅಯ್ಯೋ ನಮ್ಮಪ್ಪಾ! ಬಿಯ್ಯೆ ಪುಟ್ಟಿ ಮೈಮ್ಯಾಲೆ ಬಂದ್ಬುಟ್ಯಾ? ಬೆಳಿಗ್ಗಿಂದ ನನ್ನೆಮ್ಮೆ ಕಾಣ್ತಾ ಇಲ್ಲ, ಎಲ್ಲೈತೆ ತೋರ್ಸು ತಂದೆ!”

ಬೇರೆ ಮಾತಾಡಿದರೆ ದಮ್ಮು ಹೋಗುತ್ತದೆ. ‘ಆಚೆ ಹೋಗು’ ಎಂದು ಕೈ ಬೀಸಿದೆ. ಕೈ ಬೀಸಿದ ದಿಕ್ಕಿಗೆ ಕೆರೆಯಿತ್ತು. ಕೆರೆಯಲ್ಲಿ ಎಮ್ಮೆಯಿತ್ತು! ಆ ಬಿಸಿಲಲ್ಲಿ ಎಮ್ಮೆ ಕೆರೆಯಲ್ಲಲ್ಲದೆ ಚನ್ನರಾಯಪಟ್ಟಣದ ತಾಲೂಕು ಕಚೇರಿಯಲ್ಲಿರುತ್ತದೆಯೇ? ಇದನ್ನು ಯಾರೂ ಯೋಚಿಸಲಿಲ್ಲ. ಸಂಜೆಯೊಳಗೆ ನಾನು ದೇವರಾಗಿದ್ದೆ.

ಹೀಗಾಗಿ ಆ ಶನಿವಾರ (ಅಥವಾ ಮಂಗಳವಾರ) ನಾನು ಗುಡಿಗೆ ಹೋದಾಗ ಅಲ್ಲಿ ಊರಿಗೆ ಊರೇ ನೆರೆದಿತ್ತು. ಹಿಂದಕ್ಕೆ ಹೋಗುವಂತಿರಲಿಲ್ಲ. ಹೊಟ್ಟೆಯ ತುಂಬ ದಮ್ಮು ತುಂಬಿಕೊಂಡು ಹೊಸ್ತಿಲಿಂದ ಹೊರಟೆ. ನುಮಪ ನುಮಪ ನುಮಪ! ಬಲಗಡೆ ಸಲೀಸಾಗಿ ಮುಗಿಯಿತು. ಹಿಂಭಾಗದಲ್ಲಿ ಮುದುಕರಿಬ್ಬರು ದಾರಿಗಡ್ಡವಾಗಿ ಸಾಷ್ಟಾಂಗ ಬಿದ್ದಿದ್ದರು. ಹಾರಿದೆ. “ಲಂಕೆ ಆರ್ದಂಗೆ ಆರ್ತು!” ಎಂದು ಯಾರೋ ಕೂಗಿದರು. ಕಡೆಯ ಮೂಲೆ ತಿರುಗಿದೆ. ಎದುರಿಗೆ, ಸಂತೆಯಿಂದ ಆಗತಾನೇ ಬಂದ ಅಪ್ಪ! ಮಗಳಿಗೆ ಏನಾಯಿತೋ ಎಂದು ಗಾಬರಿಯಾಗಿ, ಹಿಡಿದು ನಿಲ್ಲಿಸಲು ಎರಡೂ ಕೈ ಚಾಚಿ ನಿಂತಿದ್ದಾರೆ.

ಚಿಕ್ಕಪ್ಪ ತಮ್ಮನ್ನು ತಾವೇ ಮರೆತರು. “ಮುಟ್ಟು ಮಗಾ, ಮುಟ್ಟು! ಗೆರೆಗೆ ಬಾ!”

ಕಲಿತ ವಿದ್ಯೆ. ಅಪ್ಪನ ಎದೆಗೆ ಫಟ್ಟನೆ ಒಂದು ಕೊಟ್ಟು, ತೋಳಿನ ಕೆಳಗೆ ನುಸುಳಿ, ಹೊಸ್ತಿಲ ಮೇಲೆ ಬೋರಲು ಬಿದ್ದೆ.

“ದ್ಯಾವ್ರು ಗೌಡ್ರನ್ನ ಮುಟ್ತು!” ಎಂದು ಜನ ಹುಯಿಲೆಬ್ಬಿಸಿದರು. ಅಪ್ಪ ಪೇಟ ತೆಗೆದು, ನನ್ನ ಮುಂದೆ ಮಂಡಿಯೂರಿ ಕೈಮುಗಿದರು. ಅಪ್ಪ! ನನಗೆ!

“ಏನಪ್ಪಣೆ ತಂದೆ? ಬಾಯ್ಬಿಟ್ಟು ಏಳು, ನಡೆಸ್ಕೊಡ್ತೀನಿ.”

ಇಂಥ ಅವಕಾಶ ಯಾವ ಮಗಳಿಗೆ ಸಿಕ್ಕೀತು? ಸ್ತ್ರೀವಿದ್ಯಾಭ್ಯಾಸದ ಮೇಲೆ ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ದಮ್ಮೊಂದು ಇರಲಿಲ್ಲ. ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಹೇಳಿದೆ, “ದಮ್ಮಯ್ಯ… ಎಂ… ಎ…”

“ಎಮ್ಮೆ!” ಎಂದಳು ಸಿದ್ದಮ್ಮ. “ಎಮ್ಮೆ ಕೇಳ್ತಾವ್ನೆ ನಮ್ಮಪ್ಪ! ನಂದಲ್ಲ, ಗೌಡ್ರುದು!”

“ದ್ಯಾವ್ರೇ ದಮ್ಮಯ್ಯ ಅಂದ್ಮ್ಯಾಲೆ ಇಲ್ಲ ಅನ್ನಕಾಯ್ತದಾ?” ಎಂದರು ಅಪ್ಪ.

ಬ್ರಹ್ಮಚಾರಿ ದೇವರಿಗೆ ಎಮ್ಮೆ ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಪೂಜಾರಿಯಂತೂ ಕೇಳಲೇ ಇಲ್ಲ. ನನಗೆ ಉಸಿರು ಬಂದಮೇಲೆ “ಎಮ್ಮೆ ಅಲ್ಲ, ಎಂ.ಎ.!” ಎಂದು ಅರಚಿದೆ. ಅಷ್ಟರಲ್ಲಿ ನನ್ನ ಮೈಮೇಲಿಂದ ದೇವರು ಇಳಿದಾಗಿತ್ತಂತೆ. ಇಳಿದ ಮೇಲೆ ಆಡಿದ ಮಾತು ಲೆಕ್ಕಕ್ಕಿಲ್ಲವಂತೆ! ಹಾಲು ಕರೆಯುವ ನಮ್ಮ ಎಮ್ಮೆ, ಹಗ್ಗದ ಸಮೇತ ಗುಡಿಯ ಹಿಂದಕ್ಕೆ ಹೋಯಿತು.

ಅಜ್ಜಿ ಹಣೆ ಚಚ್ಚಿಕೊಂಡರು. “ಒಂದೇ ದಮ್ಮು ಅಂದ್ರೆ ನಿಲ್ಲಿಸ್ದೆ ದಿನಾ ಕೇಳು ಅಂತ ಕಣೆ ನನ್ ತಾಯಿ! ಉಸ್ರು ಕಟ್ಕಂಡು ಸಾಯಿ ಅಂದ್ನಾ?”

ನಾನು ಮೂಲೆ ಹಿಡಿದು ಅತ್ತೆ. ಇನ್ನು ದೇವರೂ ಬೇಡ, ಎಂ.ಎ.ಯೂ ಬೇಡ ಎಂದೆ. ಚಿಕ್ಕಪ್ಪ ಪಕ್ಕದಲ್ಲಿ ಬಂದು ಕೂತರು.

“ಔಟಾದೋನು ಸತ್ತೋದ ಅಂತಲ್ಲ ಮಗಾ. ಗೆರೆ ಆಚ್ಗೆ ಕುಂತಿರ್ತಾನೆ. ನಮ್ಮೋನು ಒಬ್ನ ಮುಟ್ಕಂಡ್ ಬಂದ್ರೆ ಇವ್ನಿಗೆ ತಿರುಗ ಜೀವ ಬತ್ತದೆ. ಅಷ್ಟ್ರಲ್ಲಿ ಮನೆಗೆದ್ದೋಗ್ಬುಟ್ರೆ?”

ಮರುದಿನದಿಂದ ಬೆಳಿಗ್ಗೆ ಗುಡಿಗೆ ಹೋಗಿ ಕೂರತೊಡಗಿದೆ. ಮೊದಲು ಹನುಮಪ್ಪನೊಡನೆ ವಾದ ಮಾಡಿದೆ. ವಾದಗಳು ತೀರಿದ ಮೇಲೆ ಬರಿದೇ ಕೇಳಿದೆ. ಕೇಳುವುದಕ್ಕೆಂದು ಕೂತವಳಿಗೆ ಕೂರುವುದೇ ಹಿತವಾಗಿಬಿಟ್ಟಿತು. ಗುಡಿಯ ಹಿಂದೆ ನಮ್ಮೆಮ್ಮೆ ಮೆಲುಕು ಹಾಕುತ್ತಿತ್ತು. ಅದಕ್ಕೆ ನನಗಿಂತ ಹೆಚ್ಚು ತಾಳ್ಮೆಯಿತ್ತು. ಮನೆಗೆ ಬಂದು ಅಪ್ಪನಿಗೆ ಹಾಲಿಲ್ಲದ ಕಾಫಿ ಕೊಟ್ಟು, “ಅಪ್ಪಾ, ಎಂ.ಎ.” ಎನ್ನುತ್ತಿದ್ದೆ.

“ಎಮ್ಮೆ ಓಯ್ತಲ್ಲವ್ವಾ.”

“ಎಮ್ಮೆ ಅಲ್ಲ, ಎಂ.ಎ.”

ದಿನಾ ಇದೇ. ಗಡುವು ಇನ್ನೇನು ಮುಗಿಯಬೇಕು, ಒಂದು ಬೆಳಿಗ್ಗೆ ಅಪ್ಪ ಆ ಕರಿ ಕಾಫಿಯನ್ನು ನೋಡಿದರು, ನನ್ನನ್ನು ನೋಡಿದರು.

“ಟ್ರಂಕ್ ತುಂಬ್ಕವ್ವ. ಮೈಸೂರ್ಗೋಗಿ ಅದೇನ್ ಓದ್ತೀಯೋ ಓದು. ಇಲ್ಲೇ ಇದ್ರೆ ಇನ್ನೇನ್ ಕೇಳ್ತೀಯೋ! ಕೊಟ್ಟಿಗೇಲಿ ಉಳಿದಿರಾದು ಎತ್ತು.”

ಓದಿದೆ. ಈಗ ಹಾಸನದಲ್ಲಿ ಪಾಠ ಹೇಳುತ್ತೇನೆ. ಊರಿಗೆ ಹೋದಾಗ ಯಾರೂ ನನ್ನನ್ನು ಬಿಯ್ಯೆ ಪುಟ್ಟಿ ಎನ್ನುವುದಿಲ್ಲ. ನನ್ನ ಹೊಸ ಪದವಿಗೆ ತಕ್ಕ ಮರ್ಯಾದೆ ಕೊಟ್ಟು, ‘ಎಮ್ಮೆ ಪುಟ್ಟಿ’ ಎನ್ನುತ್ತಾರೆ.

ಮೊನ್ನೆ ಹಬ್ಬಕ್ಕೆ ಹೋದಾಗ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಅಪ್ಪನನ್ನು ಕೇಳಿಯೇಬಿಟ್ಟೆ. “ಅಪ್ಪಾ, ಅವತ್ತು ಗುಡಿ ಮುಂದೆ ನಾನು ಅಂದದ್ದು ನಿನಗೆ ನಿಜವಾಗ್ಲೂ ಎಮ್ಮೆ ಅಂತಲೇ ಕೇಳಿಸ್ತೋ, ಇಲ್ಲಾ ಎಂ.ಎ. ಅಂತ ಗೊತ್ತಾಗಿಯೂ ಎಮ್ಮೆ ಕೊಟ್ಟು ಬಚಾವಾಗೋಣ ಅಂತ…” ಇಲ್ಲಿ ಉಸಿರು ತೆಗೆದುಕೊಂಡೆ. “…ಅಂದ್ಕೊಂಡ್ಯೋ?”

ಅಪ್ಪ ಸುಣ್ಣದ ಬೆರಳೆತ್ತಿದರು.

“ನಡುವೆ ದಮ್ ಬಿಟ್ಟೆ ಕಣವ್ವ. ಔಟು!”

ಗೆರೆಯ ಆಚೆ ಕೂತಿದ್ದೇನೆ.